ಸಂಜೆಯ ಮರಗೆಲಸಕ್ಕೆ ಏನು ತೊಡಬೇಕು?

ಮುಂಬೈಯಲ್ಲಿ ಮರಗೆಲಸದ ಹವ್ಯಾಸ ಇರುವವರಿಗೆ ಸಿಗುವ ಸಮಯ ತುಂಬಾ ಕಡಿಮೆ. ಲೋಕಲ್ ಹಿಡಿದು ಡೊಂಬಿವಲಿಗೋ ಠಾಣೆಗೋ ಬಂದು ಇಳಿಯುವಷ್ಟರಲ್ಲಿ ಏಳು, ಏಳೂವರೆ. ಚಹಾ ಕುಡಿದು ಬಾಲ್ಕನಿಯ ಬೆಂಚಿನ ಮುಂದೆ ನಿಂತರೆ ಒಂದೆರಡು ಗಂಟೆ ಕೈಗೆ ಸಿಗುತ್ತದೆ. ಭಾನುವಾರ ಸ್ವಲ್ಪ ಜಾಸ್ತಿ. ಇಂಥ ಅವಸರದಲ್ಲಿ ಬಟ್ಟೆಯ ಬಗ್ಗೆ ಯೋಚಿಸುವವರು ಯಾರು? ಹಳೇ ಬನಿಯನ್, ಬರ್ಮುಡಾ, ಕಾಲಿಗೆ ಹವಾಯಿ ಚಪ್ಪಲಿ. ಹೆಂಗಸರಾದರೆ ನೈಟಿ, ಮೇಲೊಂದು ದುಪಟ್ಟಾ. ಕೆಲಸ ಶುರು.

ತೊಂದರೆ ಇರುವುದೇ ಇಲ್ಲಿ. ಹಳೆಯದು, ಸಡಿಲವಾಗಿದೆ, ಹಾಳಾದರೂ ಪರವಾಗಿಲ್ಲ ಅನ್ನುವ ಲೆಕ್ಕದಲ್ಲಿ ನಾವು ಮನೆಯ ಬಟ್ಟೆ ಆರಿಸುತ್ತೇವೆ. ಮರಗೆಲಸಕ್ಕೆ ಆ ಲೆಕ್ಕ ನಡೆಯುವುದಿಲ್ಲ. ಇವತ್ತು ಯಾವ ಕೆಲಸ ಮಾಡುತ್ತೇನೆ, ಯಾವ ಹತ್ಯಾರ ಹಿಡಿಯುತ್ತೇನೆ ಅಂತ ನೋಡಿ ಬಟ್ಟೆ ಆರಿಸಬೇಕು. ಕಾರ್ಖಾನೆಯಲ್ಲಾದರೆ ಹೇಳುವವರು ಒಬ್ಬರು ಇರುತ್ತಾರೆ. ಮನೆಯಲ್ಲಿ ನಾವು ಒಬ್ಬರೇ, ಅದೂ ದಿನವಿಡೀ ದುಡಿದು ದಣಿದವರು.

"ನಮ್ಮೂರ ಆಚಾರಿಗಳು ಜನ್ಮವಿಡೀ ಪಂಚೆಯಲ್ಲೇ ಕೆಲಸ ಮಾಡಿದರಲ್ಲ" ಎಂದು ಕರಾವಳಿಯಿಂದ ಬಂದ ಗೆಳೆಯರು ಹೇಳುವುದುಂಟು. ನಿಜ. ಆದರೆ ಅವರ ಕೈಯಲ್ಲಿದ್ದದ್ದು ಉಳಿ, ಕೊಡತಿ, ಕೀಸುಳಿ. ಕೂತಿದ್ದು ಗಾಳಿಯಾಡುವ ಅಂಗಳದಲ್ಲಿ. ಅವರು ಕೀಸಿದ್ದು ಹಲಸು, ಸಾಗುವಾನಿ. ನಾವೋ ಗ್ರಿಲ್ ಹಾಕಿದ ಬಾಲ್ಕನಿಯಲ್ಲಿ ನಿಂತು, ನಿಮಿಷಕ್ಕೆ ಸುಮಾರು 30,000 ಸುತ್ತು ತಿರುಗುವ, ಹಲಗೆಯ ಅಂಚು ಕೊರೆಯುವ ಟ್ರಿಮ್ಮರ್ ಮೆಷಿನ್ ಹಿಡಿದು ಎಂಡಿಎಫ್ ಹಲಗೆ ಕೊರೆಯುತ್ತೇವೆ. ಕೆಲಸ ಬದಲಾದ ಮೇಲೆ ಉಡುಪೂ ಬದಲಾಗಬೇಕು, ಅಲ್ವಾ?

ಮೊದಲು ಸಂಜೆಯನ್ನು ಎರಡು ಭಾಗ ಮಾಡಿ

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್. ನಿಯಮ ಹಾಗಿರಲಿ, ಪಕ್ಕದ ಮನೆಯಲ್ಲಿ ಮಗು ಮಲಗುವ ಹೊತ್ತು ನಮಗೂ ಗೊತ್ತಿರುತ್ತದೆ. ಆದ್ದರಿಂದ ಮೆಷಿನ್ ಕೆಲಸ ಮೊದಲು, ಕೈ ಹತ್ಯಾರದ ಕೆಲಸ ಆಮೇಲೆ. ಉಡುಪನ್ನೂ ಇದೇ ಕ್ರಮದಲ್ಲಿ ಯೋಚಿಸಿ. ಮೆಷಿನ್‌ಗೆ ಸರಿಹೋಗುವಂತೆ ತೊಟ್ಟು ಶುರುಮಾಡಿ. ಉಳಿ ಹಿಡಿಯುವ ಹೊತ್ತಿಗೆ ಒಂದೆರಡು ವಸ್ತು ತೆಗೆದಿಟ್ಟರೆ ಸಾಕು.

ತೊಡುವ ಮುಂಚೆ ಕಳಚಿ

ಉಂಗುರ, ವಾಚು, ಕಡಗ, ಬಳೆ, ಕೈಗೆ ಕಟ್ಟಿದ ದಾರ. ಆಫೀಸಿನಿಂದ ಬಂದು ಮರೆತು ಕೊರಳಲ್ಲೇ ಉಳಿದ ಐಡಿ ಕಾರ್ಡಿನ ಪಟ್ಟಿ. ವೈರ್ ಇರುವ ಇಯರ್‌ಫೋನ್. ಟೀ ಶರ್ಟಿನ ಟೊಪ್ಪಿಗೆಯಿಂದ ಇಳಿಬಿದ್ದ ದಾರ. ಇವೆಲ್ಲ ಬೆಂಚಿನ ಹತ್ತಿರ ಬರಲೇಬಾರದು.

ಕಾರಣ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ನಿಮಿಷಕ್ಕೆ 3,000 ಸುತ್ತು ತಿರುಗುವ ಡ್ರಿಲ್ ಒಂದು ಸೆಕೆಂಡಿಗೆ 50 ಸುತ್ತು ತಿರುಗುತ್ತದೆ. ಏನೋ ಸಿಕ್ಕಿಕೊಂಡಿತು ಅಂತ ನಮಗೆ ಹೊಳೆದು ಕೈ ಅಲುಗಲು ಸೆಕೆಂಡಿನ ಐದನೇ ಒಂದು ಭಾಗ ಬೇಕು. ಅಷ್ಟರಲ್ಲಿ ದಾರ ಹತ್ತು ಸುತ್ತು ಸುತ್ತಿಕೊಂಡಿರುತ್ತದೆ. ಎಳೆದು ಬಿಡಿಸಿಕೊಳ್ಳುತ್ತೇನೆ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಮಾಂಗಲ್ಯ, ಜನಿವಾರ ತೆಗೆಯಲು ಎಲ್ಲರಿಗೂ ಮನಸ್ಸು ಬರುವುದಿಲ್ಲ. ತೆಗೆಯಿರಿ ಅಂತ ನಾನು ಒತ್ತಾಯ ಮಾಡುವುದಿಲ್ಲ. ಕೊರಳಿಗೆ ಹತ್ತಿರ ಕೂರುವ ಟೀ ಶರ್ಟಿನ ಒಳಗೆ ಸೇರಿಸಿ, ಮೇಲೆ ಏಪ್ರನ್ ಕಟ್ಟಿಕೊಳ್ಳಿ. ಬಗ್ಗಿದಾಗ ಹೊರಗೆ ಜಾರಬಾರದು, ಅಷ್ಟೆ. ಒಮ್ಮೆ ಬಗ್ಗಿ ನೋಡಿಯೇ ಸ್ವಿಚ್ ಹಾಕಿ. ಉದ್ದ ಕೂದಲಿದ್ದರೆ ಜಡೆ ಸಾಲದು. ಜಡೆಯೂ ಮುಂದಕ್ಕೆ ಬೀಳುತ್ತದೆ. ತುರುಬು ಕಟ್ಟಿ ಮೇಲೊಂದು ಟೋಪಿ ಅಥವಾ ಹತ್ತಿಯ ವಸ್ತ್ರ ಬಿಗಿಯಿರಿ.

ಮೈಗೆ

ಅರ್ಧ ತೋಳಿನ, ಮೈಗೆ ಹೊಂದುವ ಹತ್ತಿಯ ಟೀ ಶರ್ಟು ಮುಂಬೈ ಸೆಖೆಗೆ ಸರಿ. ಪೂರ್ತಿ ತೋಳಿನದೇ ಆಗಬೇಕು ಅಂದರೆ ಮುಂಗೈಯಲ್ಲಿ ಗುಂಡಿ ಹಾಕಿ, ಇಲ್ಲವೇ ಮೊಣಕೈ ಮೇಲಕ್ಕೆ ಬಿಗಿಯಾಗಿ ಮಡಚಿ. ಅರ್ಧಂಬರ್ಧ ಮಡಚಿದ ತೋಳು ಎಲ್ಲಕ್ಕಿಂತ ಅಪಾಯ. ಕೆಲಸದ ನಡುವೆ ತಾನಾಗಿ ಬಿಚ್ಚಿಕೊಂಡು ಜೋತುಬೀಳುತ್ತದೆ. ಕುರ್ತಾ, ನೈಟಿ, ಲುಂಗಿ, ದುಪಟ್ಟಾ, ಸೆರಗು ಇವು ಯಾವುವೂ ಮೆಷಿನ್ ಹತ್ತಿರ ಬೇಡ.

ಕಾಲಿಗೆ ಪೂರ್ತಿ ಉದ್ದದ ಪ್ಯಾಂಟ್. ಸೆಖೆ ಅಂತ ಎಲ್ಲರೂ ಬರ್ಮುಡಾ ಹಾಕುತ್ತಾರೆ. ಆದರೆ ನೆಲದ ಮೇಲೆ ಕೂತು, ಮರವನ್ನು ತೊಡೆಗೆ ಆನಿಸಿಕೊಂಡು ಉಳಿ ಹೊಡೆಯುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಉಳಿ ಜಾರಿದರೆ ನೇರ ತೊಡೆಗೇ ಇಳಿಯುತ್ತದೆ. ತೊಡೆಯ ಒಳಬದಿಯಲ್ಲಿ ದೊಡ್ಡ ರಕ್ತನಾಳ ಇದೆ. ಪ್ಯಾಂಟಿನ ತುದಿಯನ್ನು ಹೊರಕ್ಕೆ ಮಡಚಬೇಡಿ. ಹುಡಿ, ಕಿಡಿ ಎರಡೂ ಅಲ್ಲೇ ಸೇರುತ್ತವೆ. ಗ್ರೈಂಡರಿನಲ್ಲಿ ಉಳಿ ಮಸೆಯುವ ದಿನ ಪಾಲಿಯೆಸ್ಟರ್ ಬಟ್ಟೆಯನ್ನಂತೂ ಹಾಕಲೇಬೇಡಿ. ಕಿಡಿ ತಾಗಿದರೆ ಹತ್ತಿ ಸುಡುತ್ತದೆ, ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ.

ಮಳೆಗಾಲದಲ್ಲಿ ಹಣೆಗೊಂದು ಟವೆಲ್ ಪಟ್ಟಿ ಕಟ್ಟಿಕೊಳ್ಳಿ. ಉಪ್ಪು ಬೆವರು ಕೀಸುಳಿಯ ಉಕ್ಕಿನ ಮೇಲೆ ಬಿದ್ದರೆ ಬೆಳಗಾಗುವಷ್ಟರಲ್ಲಿ ತುಕ್ಕಿನ ಚುಕ್ಕೆ ಏಳುತ್ತದೆ.

ಏಪ್ರನ್ ಹೊಲಿಸಿಕೊಳ್ಳುವುದು ಹೇಗೆ

ರೆಡಿಮೇಡ್ ಏಪ್ರನ್ ಸಿಗುತ್ತದೆ. ಆದರೂ ಹೊಲಿಸಿಕೊಳ್ಳುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ದಪ್ಪ ಕ್ಯಾನ್ವಾಸ್ ಅಥವಾ ಡೆನಿಮ್ ಬಟ್ಟೆ ಸಾಕು. ಉಳಿದದ್ದನ್ನು ಬೀದಿಯ ಟೈಲರ್ ಮಾಡಿಕೊಡುತ್ತಾರೆ. ಹೇಳಬೇಕಾದ್ದನ್ನು ಮಾತ್ರ ಸರಿಯಾಗಿ ಹೇಳಬೇಕು.

ಪಟ್ಟಿ ಕುತ್ತಿಗೆಗೆ ನೇತುಹಾಕುವಂಥದ್ದು ಬೇಡ. ಜೇಬಿನಲ್ಲಿ ಟೇಪು, ಪೆನ್ಸಿಲ್, ಸಣ್ಣ ಮೂಲೆಮಟ್ಟ ಸೇರಿದಾಗ ಅರ್ಧ ಗಂಟೆಯಲ್ಲೇ ಕುತ್ತಿಗೆ ನೋಯುತ್ತದೆ. ಎರಡು ಅಗಲ ಪಟ್ಟಿಗಳು ಎರಡೂ ಹೆಗಲ ಮೇಲೆ ಹಾದು, ಬೆನ್ನಲ್ಲಿ ಒಂದನ್ನೊಂದು ದಾಟಿ, ಎದುರು ಬದಿಯ ಸೊಂಟಕ್ಕೆ ಬರಬೇಕು. ಆಗ ಭಾರ ಹೆಗಲಿಗೆ ಬೀಳುತ್ತದೆ. ಉದ್ದ ಮೊಣಕಾಲವರೆಗೆ. ನೆಲದಲ್ಲಿ ಕೂರುವವರಾದರೆ ಕೆಳಭಾಗದಲ್ಲಿ ನಡುವೆ ಒಂದು ಸೀಳು ಕೊಡಿಸಿ, ಎರಡೂ ತೊಡೆ ಮುಚ್ಚಿರುತ್ತದೆ. ಜೇಬುಗಳಿಗೆ ಮುಚ್ಚಳ ಇರಲೇಬೇಕು, ಇಲ್ಲದಿದ್ದರೆ ಸಂಜೆ ಮುಗಿಯುವಾಗ ಜೇಬಿನ ತುಂಬ ಹುಡಿ. ಕಟ್ಟುವ ದಾರವನ್ನು ಸೊಂಟಕ್ಕೆ ಸುತ್ತಿ ಮುಂದೆ ಗಂಟು ಹಾಕುವ ಅಭ್ಯಾಸ ಬಿಡಿ. ಗಂಟಿನ ತುದಿಗಳು ಸರಿಯಾಗಿ ಗರಗಸದ ಎತ್ತರದಲ್ಲೇ ಜೋತಾಡುತ್ತವೆ. ಹಿಂದೆ ಒಂದು ತುಂಡು ವೆಲ್ಕ್ರೋ ಹೊಲಿಸಿ. ಎಲ್ಲಾದರೂ ಸಿಕ್ಕಿಕೊಂಡರೂ ಜಗ್ಗಿದ ಕೂಡಲೇ ಬಿಡುತ್ತದೆ. ಉಳಿಯನ್ನು ಏಪ್ರನ್ ಜೇಬಲ್ಲಿ ಇಡಬೇಡಿ. ಬಗ್ಗಿದರೆ ಅದು ಹೊಟ್ಟೆಗೇ ಚುಚ್ಚುತ್ತದೆ.

ಕಾಲಿಗೆ

ಮನೆಯೊಳಗೆ ಶೂ ಹಾಕುವುದು ನಮಗೆ ಒಗ್ಗದ ವಿಷಯ. ಅದಕ್ಕೇ ಬೆಂಚಿಗೆಂದೇ ಒಂದು ಜೋಡಿ ಇಟ್ಟುಕೊಳ್ಳಿ, ಅದು ಬೀದಿಗೆ ಹೋಗುವುದು ಬೇಡ. ಭಾರತೀಯ ಮಾನಕವಾದ ಐಎಸ್ 15298 ಗುರುತಿನ ಸೇಫ್ಟಿ ಶೂಗಳ ಮುಂಭಾಗದ ಟೋಪಿ 200 ಜೂಲ್ ಹೊಡೆತ ತಡೆಯುತ್ತದೆ. ಹೆಚ್ಚುಕಡಿಮೆ 20 ಕಿಲೋ ತೂಕ ಒಂದು ಮೀಟರ್ ಎತ್ತರದಿಂದ ಬಿದ್ದ ಹಾಗೆ. ಅಷ್ಟು ಬೇಡ ಅನ್ನಿಸಿದರೆ ದಪ್ಪ ಚರ್ಮದ ಮುಚ್ಚಿದ ಶೂ ಆದರೂ ಇರಲಿ. ಟೈಲ್ಸ್ ನೆಲದ ಮೇಲೆ ಮರದ ಹುಡಿ ಬಿದ್ದರೆ ಹವಾಯಿ ಚಪ್ಪಲಿ ಜಾರುತ್ತದೆ, ಅದೂ ಒಂದು ಕಾರಣ.

ಕಣ್ಣು, ಕಿವಿ

ಓದುವ ಕನ್ನಡಕ ಕಣ್ಣಿಗೆ ರಕ್ಷಣೆ ಅಲ್ಲ. ಅದರ ಬದಿಗಳು ತೆರೆದಿರುತ್ತವೆ. ಪಾಲಿಕಾರ್ಬೊನೇಟಿನ, ಬದಿ ಮುಚ್ಚಿದ ಕನ್ನಡಕ ಬೇಕು. ನಂಬರ್ ಕನ್ನಡಕದ ಮೇಲೆಯೇ ಕೂರುವ ಬಗೆಯೂ ಬರುತ್ತದೆ. ಲೇತ್, ಅಂದರೆ ಮರವನ್ನು ತಿರುಗಿಸಿ ಕಡೆಯುವ ಮೆಷಿನ್ ಇಟ್ಟುಕೊಂಡವರಿಗೆ ಇಡೀ ಮುಖ ಮುಚ್ಚುವ ಶೀಲ್ಡ್ ಬೇಕೇ ಬೇಕು.

ಕಿವಿಯನ್ನು ಎಲ್ಲರೂ ಮರೆಯುತ್ತಾರೆ. ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯಾಶ್ ಸಂಸ್ಥೆಯ ಸಲಹೆಯಂತೆ 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ಗಂಟೆ ಕೇಳಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗಲೂ ಸಮಯ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್‌ಗೆ ಬಂದಾಗ ಉಳಿಯುವುದು 15 ನಿಮಿಷ. ಮರದಲ್ಲಿ ಗಾಡಿ ಕೊರೆಯುವ ರೌಟರ್, ಚಕ್ರದಂತೆ ತಿರುಗುವ ಗರಗಸ ಸರ್ಕ್ಯುಲರ್ ಸಾ ಎರಡೂ ಆ ಆಸುಪಾಸಿನಲ್ಲೇ ಕೂಗುತ್ತವೆ. ಫೋಮ್ ಇಯರ್‌ಪ್ಲಗ್ ಸಾಕು, ಆದರೆ ಸುಮ್ನೆ ತುರುಕಿದರೆ ಪ್ರಯೋಜನ ಇಲ್ಲ. ಮೊದಲು ಬೆರಳಲ್ಲಿ ಬತ್ತಿ ಹೊಸೆದ ಹಾಗೆ ಸಣ್ಣಗೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಒಳಗೆ ತೂರಿಸಿ, ಅದು ಉಬ್ಬಿ ಕೂರುವವರೆಗೆ ಅರ್ಧ ನಿಮಿಷ ಬೆರಳಿಂದ ಒತ್ತಿ ಹಿಡಿಯಿರಿ. ನಿಮ್ಮದೇ ಮಾತು ಡಬ್ಬದೊಳಗಿಂದ ಬಂದಂತೆ ಕೇಳಿದರೆ ಸರಿಯಾಗಿ ಕೂತಿದೆ.

ಮೂಗಿಗೆ: ಇದನ್ನು ಮಾತ್ರ ಬಿಡಬೇಡಿ

ಗಾಯ ಕಣ್ಣಿಗೆ ಕಾಣುತ್ತದೆ, ಹುಡಿ ಮಾಡುವ ಹಾನಿ ಕಾಣುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 1995ರಲ್ಲೇ ಮರದ ಹುಡಿಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಮೂಗಿನ ಒಳಭಾಗಕ್ಕೆ ಬರುವ ಕ್ಯಾನ್ಸರ್ ಇದರಲ್ಲಿ ಮುಖ್ಯ. ವರ್ಷಗಟ್ಟಲೆ ಹುಡಿಯಲ್ಲೇ ದುಡಿದವರಲ್ಲಿ ಇದು ಹೆಚ್ಚು ಕಂಡುಬಂದಿದೆ. ಹವ್ಯಾಸದವರ ಗಂಟೆಗಳು ಕಡಿಮೆ, ಒಪ್ಪುತ್ತೇನೆ. ಆದರೆ ನಮ್ಮ ಬಾಲ್ಕನಿಯೂ ಚಿಕ್ಕದು. ಚೌತಿಯ ಗಣಪನಿಗೆ ಮಂಟಪ ಮಾಡುವ ಸಮಯವನ್ನೇ ನೋಡಿ. ಜುಲೈ, ಆಗಸ್ಟಿನ ಮಳೆ, ಕಿಟಕಿ ಎಲ್ಲ ಬಂದ್. ಒಳಗೆ ಎಂಡಿಎಫ್ ಕತ್ತರಿಸುತ್ತಿರುತ್ತೇವೆ. ಎಂಡಿಎಫ್ ಅಂದರೆ ಮರದ ನಾರನ್ನು ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಇರುವ ಅಂಟಿನಿಂದ ಒತ್ತಿ ಮಾಡಿದ ಹಲಗೆ. ಅದರ ಹುಡಿ ತುಂಬಾ ನಯ.

ಕರವಸ್ತ್ರ ಕಟ್ಟಿಕೊಂಡರೆ ಸಾಲದು. ಸರ್ಜಿಕಲ್ ಮಾಸ್ಕೂ ಸಾಲದು, ಅದರ ಬದಿಗಳಿಂದ ಗಾಳಿ ನುಗ್ಗುತ್ತದೆ. ಐಎಸ್ 9473 ಗುರುತಿರುವ ಎಫ್‌ಎಫ್‌ಪಿ2 ಅಥವಾ ಎನ್95 ಮಾಸ್ಕ್ ಬೇಕು. ಪಟ್ಟಿ ತಲೆಯ ಹಿಂದೆ ಹೋಗುವಂಥದ್ದು ಕಿವಿಗೆ ಸಿಕ್ಕಿಸುವುದಕ್ಕಿಂತ ಬಿಗಿಯಾಗಿ ಕೂರುತ್ತದೆ. ಹಾಕಿದ ಮೇಲೆ ಎರಡೂ ಅಂಗೈಯಿಂದ ಮಾಸ್ಕ್ ಮುಚ್ಚಿ ಜೋರಾಗಿ ಉಸಿರು ಬಿಡಿ. ಗಾಳಿ ಕಣ್ಣಿನ ಕಡೆಗೆ ಬಂದರೆ ಮೂಗಿನ ಮೇಲಿನ ತಂತಿಯನ್ನು ಇನ್ನಷ್ಟು ಒತ್ತಬೇಕು. ಕನ್ನಡಕ ಮಂಜಾಗುವುದಕ್ಕೂ ಇದೇ ಕಾರಣ. ಗಡ್ಡ ಇದ್ದವರಿಗೆ ಈ ಮಾಸ್ಕ್ ಚರ್ಮಕ್ಕೆ ಸರಿಯಾಗಿ ಅಂಟುವುದಿಲ್ಲ.

ಮೆಷಿನ್ ನಿಲ್ಲಿಸಿದ ಕೂಡಲೇ ಮಾಸ್ಕ್ ಕೆಳಗಿಳಿಸಿ ಪೊರಕೆ ಹಿಡಿಯುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಅತಿ ಸಣ್ಣ ಹುಡಿ ಆಗಲೇ ಗಾಳಿಯಲ್ಲಿ ತೇಲುತ್ತಿರುತ್ತದೆ, ಗುಡಿಸಿದರೆ ಇನ್ನೂ ಏಳುತ್ತದೆ. ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಮುಗಿಸುವವರೆಗೂ ಮಾಸ್ಕ್ ಇರಲಿ. ಪಾಲಿಶ್ ಮಾಡುವ ದಿನ ಮಾತ್ರ ಈ ಮಾಸ್ಕ್ ಕೆಲಸಕ್ಕೆ ಬಾರದು. ಥಿನ್ನರ್ ಆವಿ ಇದನ್ನು ದಾಟಿ ಬರುತ್ತದೆ. ಅದಕ್ಕೆ ಇದ್ದಿಲಿನ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಬೇರೆಯೇ ಇದೆ.

ಕೈಗವಸು ಯಾವಾಗ, ಯಾವಾಗ ಬೇಡ

ತಿರುಗುವ ಮೆಷಿನ್ ಮುಂದೆ ಕೈಗವಸು ಬೇಡ. ಬರಿಗೈಗೆ ತಾಗಿದರೆ ಗಾಯ ಆಗುತ್ತದೆ. ಗವಸಿನ ನೂಲು ಸಿಕ್ಕಿಕೊಂಡರೆ ಇಡೀ ಕೈ ಒಳಕ್ಕೆ ಹೋಗುತ್ತದೆ. ಒರಟು ಹಲಗೆ ಹೊರುವಾಗ ಹಾಕಿ, ಸಿಬಿರು ಚುಚ್ಚುವುದಿಲ್ಲ. ಪಾಲಿಶ್ ಮಾಡುವಾಗ ನೈಟ್ರೈಲ್ ಗವಸು. ಕೆತ್ತನೆ ಮಾಡುವವರು ಮರ ಹಿಡಿದ ಕೈಗೆ ಸುಲಭವಾಗಿ ಕತ್ತರಿಸಿಹೋಗದ ನೂಲಿನ ಗವಸು ಹಾಕಬಹುದು, ಆದರೆ ಅದು ಉಳಿಯ ಮೊನೆಯ ಚುಚ್ಚನ್ನು ತಡೆಯುವುದಿಲ್ಲ. ಸಾಗುವಾನಿ, ಬೀಟೆ ಮರದ ಹುಡಿಗೆ ಕೆಲವರ ಚರ್ಮ ಕೆಂಪಾಗಿ ತುರಿಸುತ್ತದೆ. ಅಂಥವರು ಉಜ್ಜುವ ಕೆಲಸ ಮುಗಿದ ಕೂಡಲೇ ಮೊಣಕೈವರೆಗೆ ಸೋಪು ಹಾಕಿ ತೊಳೆಯಿರಿ.

ಕಳಚುವ ಕ್ರಮ

ಹುಡಿ ಮೆತ್ತಿದ ಬಟ್ಟೆಯಲ್ಲಿ ಸೋಫಾದ ಮೇಲೆ ಕೂರಬೇಡಿ, ಮಗುವನ್ನು ಎತ್ತಿಕೊಳ್ಳಬೇಡಿ. ಬಾಲ್ಕನಿಯಲ್ಲೇ ನಿಂತು, ವ್ಯಾಕ್ಯೂಮ್ ಇದ್ದರೆ ಅದರಿಂದ, ಇಲ್ಲದಿದ್ದರೆ ಒದ್ದೆ ಬಟ್ಟೆಯಿಂದ ಮೈ ಮೇಲಿನ ಹುಡಿ ತೆಗೆಯಿರಿ. ಏಪ್ರನ್, ಶೂ ಅಲ್ಲೇ ಉಳಿಯಲಿ. ಮಾಸ್ಕ್ ಕೊನೆಗೆ ತೆಗೆಯಿರಿ. ಕೆಲಸದ ಬಟ್ಟೆಯನ್ನು ಮನೆಯವರ ಬಟ್ಟೆಯ ಜೊತೆ ಒಗೆಯಬೇಡಿ.

ಅಗಸೆ ಎಣ್ಣೆ, ಅಂದರೆ ಲಿನ್‌ಸೀಡ್ ಆಯಿಲ್ ಬಳಸಿದ ದಿನ ಇನ್ನೊಂದು ಎಚ್ಚರ. ಈ ಎಣ್ಣೆ ಒಣಗುವಾಗ ತಾನೇ ಬಿಸಿಯಾಗುತ್ತದೆ. ಎಣ್ಣೆ ಹಿಡಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಬಿಸಿ ಹೊರಗೆ ಹೋಗದೆ ತಾನಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಕಡ್ಡಿ ಗೀರುವುದೇ ಬೇಡ. ಒರೆಸಿದ ಬಟ್ಟೆಯನ್ನು ನೀರಲ್ಲಿ ನೆನೆಸಿಡಿ. ಏಪ್ರನ್‌ಗೆ ಎಣ್ಣೆ ತಾಗಿದ್ದರೆ ಮಡಚದೆ ಪೂರ್ತಿ ಹರಡಿ ಗಾಳಿಗೆ ಹಾಕಿ.

ಎಲ್ಲಿ ಕೊಳ್ಳುವುದು

ಎಲ್ಲವನ್ನೂ ಒಂದೇ ಸಲ ಕೊಳ್ಳಬೇಕಿಲ್ಲ. ನನ್ನ ಪ್ರಕಾರ ಮೊದಲು ಮಾಸ್ಕ್ ಮತ್ತು ಕನ್ನಡಕ, ಆಮೇಲೆ ಇಯರ್‌ಪ್ಲಗ್ ಮತ್ತು ಶೂ, ಕೊನೆಗೆ ಏಪ್ರನ್. ಮಸ್ಜಿದ್ ಬಂದರ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ ನಾಗದೇವಿ ಸ್ಟ್ರೀಟ್ ಇದೆ. ಹತ್ಯಾರದ ಅಂಗಡಿಗಳ ನಡುವೆ ಸೇಫ್ಟಿ ಸಾಮಾನೂ ಸಿಗುತ್ತದೆ. ಏಪ್ರನ್ ಬಟ್ಟೆಗೆ ಅಲ್ಲಿಂದ ಮಂಗಳದಾಸ್ ಮಾರ್ಕೆಟ್ಟಿಗೂ ನಡೆದೇ ಹೋಗಬಹುದು. ನಂಬರ್ ಕನ್ನಡಕ ಹಾಕಿಕೊಂಡೇ ಹೋಗಿ, ಸೇಫ್ಟಿ ಕನ್ನಡಕವನ್ನು ಅದರ ಮೇಲೆ ಇಟ್ಟು ನೋಡಿ. ಶೂ ಹಾಕಿ ನೋಡುವಾಗ ದಪ್ಪ ಸಾಕ್ಸ್ ಇರಲಿ. ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ, ಶನಿವಾರ ಹೋಗುವುದು ಒಳ್ಳೆಯದು.