ಎಲ್‌ಪಿಜಿ ಡಿಟೆಕ್ಟರಿಗೆ ಮೀಥೇನ್ ಊದಿದ ಕತೆ

"ಅಡುಗೆ ಗ್ಯಾಸಿನ ಡಿಟೆಕ್ಟರಿಗೆ ಮೀಥೇನ್ ಯಾಕೆ ಊದ್ತೀಯ ಮಾರಾಯ?" ಅಂತ ಚಿಕ್ಕಮಗಳೂರಿನಲ್ಲಿ ನನ್ನ ಹಾಗೇ ಗ್ಯಾಸ್ ಡಿಟೆಕ್ಟರ್ ನೋಡಿಕೊಳ್ಳುವ ಗೆಳೆಯರು ನಗುತ್ತಿದ್ದರು. ಈಗ ಅವರಲ್ಲೇ ಇಬ್ಬರು ನನ್ನ ಮೀಥೇನ್ ಕ್ಯಾನ್ ಎರವಲು ಕೇಳುತ್ತಾರೆ. ಕೊಡುತ್ತೇನೆ, ಆದರೆ ಬಾಡಿಗೆಗೆ.

ನನ್ನ ಗಿರಾಕಿಗಳು ಹೆಚ್ಚಾಗಿ ಪೇಟೆಯ ಹೋಟೆಲ್‌ಗಳು, ಮುಳ್ಳಯ್ಯನಗಿರಿ ಕಡೆಯ ಹೋಂಸ್ಟೇಗಳು, ಮೂಡಿಗೆರೆ ಕಡೆಯ ಒಂದೆರಡು ಎಸ್ಟೇಟ್ ಕ್ಯಾಂಟೀನ್‌ಗಳು. ಎಲ್ಲಾ ಕಡೆ ಕ್ಯಾಟಲಿಟಿಕ್ ಹೆಡ್‌ಗಳೇ, ಅಂದರೆ ಬೀಡ್ ಅನ್ನುವ ಪುಟ್ಟ ಬಿಸಿ ಮಣಿಯ ಮೇಲೆ ಗ್ಯಾಸ್ ಉರಿಸಿ ಅಳೆಯುವ ಡಿಟೆಕ್ಟರ್ ತಲೆಗಳು. ಅವುಗಳ ದೊಡ್ಡ ರೋಗ ನಿಮಗೂ ಗೊತ್ತು. ಗಾಳಿ ಚೊಕ್ಕವಾಗಿದ್ದರೂ ಸೊನ್ನೆ ತೋರಿಸುತ್ತದೆ, ಹೆಡ್ ಸತ್ತಿದ್ದರೂ ಸೊನ್ನೆಯೇ. ಹಸಿರು ದೀಪ ಉರಿಯುತ್ತಿದ್ದರೆ ಮಾಲೀಕರಿಗೆ ಸಮಾಧಾನ.

ಪೇಟೆಯ ಒಂದು ಹೋಟೆಲಿನಲ್ಲಿ ಅಡುಗೆಮನೆಯ ಹೆಡ್‌ಗಳು ಆರೇಳು ತಿಂಗಳಿಗೇ ಮಲಗುತ್ತಿದ್ದವು. ಮೂರ್ನಾಲ್ಕು ವರ್ಷ ಬರಬೇಕಾದ ಮಾಲು. ಎಲ್ಲರ ಬಾಯಲ್ಲೂ ಒಂದೇ ಮಾತು: ಮಲೆನಾಡಿನ ಥಂಡಿ. ಮಳೆಗೆ ಮುಚ್ಚಳ ಹಾಕಿಸಿದೆ, ಕೇಬಲ್ ಗ್ಲ್ಯಾಂಡ್ ಬದಲಿಸಿದೆ, ಬೇರೆ ಕಂಪನಿಯ ಹೆಡ್ ತರಿಸಿದೆ. ಒಂದಕ್ಕೆ ಐದಾರು ಸಾವಿರ. ಎರಡು ಹೆಡ್‌ಗಳ ದುಡ್ಡು ನನ್ನ ಜೇಬಿನಿಂದಲೇ ಹೋಯಿತು. ವಾರಂಟಿ ಕೇಳಿದರೆ ಮಾರಿದವರು ಫೋನೇ ಎತ್ತಲಿಲ್ಲ.

ವಿಚಿತ್ರ ಏನಂದ್ರೆ, ಹೊರಗೆ ಸಿಲಿಂಡರ್ ಜೋಡಿಸಿಟ್ಟ ಗ್ಯಾಸ್ ಬ್ಯಾಂಕಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಚಲಿಗೆ ನೆನೆಯುವ ಹೆಡ್ ಗಟ್ಟಿಯಾಗಿತ್ತು. ಸಾಯುತ್ತಿದ್ದದ್ದು ಒಳಗೆ ಬೆಚ್ಚಗಿದ್ದವು. ಅಂದ ಮೇಲೆ ಥಂಡಿಯ ಮಾತು ಸುಳ್ಳು, ಅಲ್ವಾ? ನೋಡಿದರೆ ಗ್ರಾನೈಟ್ ಕಟ್ಟೆಯ ಸಂದಿಗೆ ಆಗಾಗ ಸಿಲಿಕೋನ್ ಸೀಲಂಟ್ ಹಚ್ಚುತ್ತಿದ್ದರು. ಅದರ ಮೇಲೆ ಸ್ಟೀಲ್ ಬಾಗಿಲು ಹೊಳೆಯಲಿ ಅಂತ ದಿನವೂ ಸಿಲಿಕೋನ್ ಸ್ಪ್ರೇ. ಆ ಆವಿ ಬೀಡ್ ಮೇಲೆ ಕೂತರೆ ಮುಗೀತು, ಮದ್ದಿಲ್ಲ. ಸ್ಪ್ರೇ ನಿಲ್ಲಿಸಿದ ಮೇಲೆ ಹಾಕಿದ ಹೆಡ್ ಎರಡು ವರ್ಷ ದಾಟಿ ಇನ್ನೂ ಓಡುತ್ತಿದೆ.

ಆದರೆ ಎಲ್ಲಾ ಹೋಟೆಲಿನ ಕಪಾಟಿಗೂ ನಾನು ಕಾವಲು ಕೂರೋಕಾಗುತ್ತಾ? ಹೆಡ್ ಸಾಯುವ ಮುಂಚೆಯೇ ಗೊತ್ತಾಗಬೇಕು. ಅಲ್ಲಿಗೆ ಬಂತು ಮೀಥೇನ್.

ಬೀಡ್ ಮೇಲೆ ಉರಿಸಲು ಕಷ್ಟವಾದ ಗ್ಯಾಸ್ ಮೀಥೇನ್. ವಿಷ ತಗುಲಿದಾಗ ಮೊದಲು ಬೀಳುವುದು ಅದರ ರೀಡಿಂಗೇ. ಆಗಲೂ ಎಲ್‌ಪಿಜಿಯಲ್ಲೇ ಇರುವ ಪ್ರೊಪೇನ್ ಊದಿದರೆ ಹೆಡ್ ಇನ್ನೂ ಜೋರಾಗಿಯೇ ಉತ್ತರ ಕೊಡುತ್ತಿರುತ್ತದೆ. ಹಾಗಾಗಿ ಎರಡನ್ನೂ ಊದಿ, ಎರಡು ರೀಡಿಂಗನ್ನೂ ಪುಸ್ತಕದಲ್ಲಿ ಬರೆದಿಡುತ್ತೇನೆ. ನನ್ನ ಮೀಥೇನ್ ಕ್ಯಾನ್ 2.5 ಪರ್ಸೆಂಟಿನದು, ಅಂದರೆ ಎಲ್‌ಇಎಲ್‌ನ (ಗಾಳಿಯಲ್ಲಿ ಗ್ಯಾಸ್ ಹೊತ್ತಿಕೊಳ್ಳಲು ಬೇಕಾದ ಕನಿಷ್ಠ ಪ್ರಮಾಣದ) ಅರ್ಧ. ಪ್ರೊಪೇನಿಗೆ ಕ್ಯಾಲಿಬ್ರೇಟ್ ಮಾಡಿದ, ಅಂದರೆ ಅಳತೆ ಹೊಂದಿಸಿದ ಹೊಸ ಹೆಡ್ ಅದಕ್ಕೆ ಎಲ್‌ಇಎಲ್‌ನ 80 ಪರ್ಸೆಂಟಿನ ಆಸುಪಾಸು ತೋರಿಸುತ್ತದೆ. ಒಂದೊಂದು ಹೆಡ್ ಒಂದೊಂದು ಥರ, ಅದಕ್ಕೇ ಹಾಕಿದ ದಿನದ ರೀಡಿಂಗ್ ಮುಖ್ಯ. ಅದು 60ಕ್ಕೆ ಬಂದರೆ ಮಾಲೀಕರಿಗೆ ಹೇಳುತ್ತೇನೆ. 40ಕ್ಕೆ ಬಂದರೆ ಹೊಸದನ್ನು ಆರ್ಡರ್ ಮಾಡಿಸುತ್ತೇನೆ, ಪ್ರೊಪೇನ್ ರೀಡಿಂಗ್ ಎಷ್ಟೇ ಚೆನ್ನಾಗಿರಲಿ. ಸ್ಪ್ಯಾನ್, ಅಂದರೆ ರೀಡಿಂಗ್ ಏರಿಸಿ ಇಳಿಸುವ ತಿರುಪು, ತಿರುಗಿಸಿ ಸರಿ ಮಾಡಿದೆ ಅನ್ನುವವರಿದ್ದಾರೆ. ಅದು ರಿಪೇರಿ ಅಲ್ಲ, ಹೆಣಕ್ಕೆ ಶೃಂಗಾರ.

ಹೀಗೆ ಗುರುತು ಹಾಕಿದ ಹೆಡ್‌ಗಳಲ್ಲಿ ಹೆಚ್ಚಿನವು ಎರಡು ಮೂರು ತಿಂಗಳಲ್ಲಿ ಪ್ರೊಪೇನಿಗೂ ಸೋತವು. ಆಮೇಲೆ ನಗು ನಿಂತಿತು.

ಖರ್ಚಿನ ವಿಷಯ. ಕ್ಯಾನ್ ಬೆಂಗಳೂರಿನಿಂದ ಬರುತ್ತದೆ, ಒಂದಕ್ಕೆ ಹದಿನೈದು ಸಾವಿರದ ಹತ್ತಿರ. ರೆಗ್ಯುಲೇಟರ್ ಬೇರೆ. ಮೊದಲ ವರ್ಷ ಕೈ ಕಚ್ಚಿತು. ಸುಮ್ನೆ ಗ್ಯಾಸ್ ಊದಿ ಹೋಗೋಕೆ ದುಡ್ಡಾ ಅಂತ ಒಬ್ಬ ಮಾಲೀಕರು ಕೇಳಿಯೇಬಿಟ್ಟರು. ಈಗ ಹೆಡ್ಡಿಗಿಷ್ಟು ಅಂತ ವಾರ್ಷಿಕ ಗುತ್ತಿಗೆ ಮಾಡಿಕೊಂಡಿದ್ದೇನೆ, ಲಾಭಕ್ಕೆ ಬಂದಿದೆ. ಗಾಳಿ ಜಾಸ್ತಿ ಇರುವ ಗುಡ್ಡದ ಮೇಲೆ ಅರ್ಧದಷ್ಟು ಗ್ಯಾಸ್ ಸುಮ್ಮನೆ ಹಾರಿಹೋಗುತ್ತಿತ್ತು. ಅದಕ್ಕೆ ನಾನೇ ಒಂದು ಕಪ್ ಮಾಡಿಕೊಂಡೆ. ಅದು ಯಾವುದರಿಂದ ಮಾಡಿದ್ದು, ಯಾವ ಗ್ಯಾಸ್ ಮೊದಲು ಊದುತ್ತೇನೆ, ನಡುವೆ ಎಷ್ಟು ಹೊತ್ತು ಬಿಡುತ್ತೇನೆ ಅನ್ನೋದು ನನ್ನ ಹೊಟ್ಟೆಪಾಡು, ಕೇಳಬೇಡಿ.

ಸಿಗರೇಟ್ ಲೈಟರ್ ಹಿಡಿದು ಟೆಸ್ಟ್ ಮಾಡುವುದನ್ನು ಮಾತ್ರ ದಯವಿಟ್ಟು ಬಿಡಿ. ಅದು ಎಲ್‌ಇಎಲ್‌ಗಿಂತ ಎಷ್ಟೋ ಮೇಲಿನ ಗ್ಯಾಸ್. ಅಲಾರಂ ಕೂಗುತ್ತದೆ, ಬೀಡ್ ಹಾಳಾಗುತ್ತದೆ. ಇನ್ನೊಂದು, ಊದುವ ಮುಂಚೆ, ಅಲಾರಂ ಬಂದರೆ ಗ್ಯಾಸ್ ನಿಲ್ಲಿಸುವ ಸೊಲೆನಾಯ್ಡ್ ವಾಲ್ವ್ ಬೈಪಾಸ್ ಮಾಡಿ. ದೋಸೆಯ ಹೊತ್ತಿಗೆ ಒಲೆ ಆರಿದರೆ ಭಟ್ಟರ ಬಾಯಿಗೆ ಬೀಳುತ್ತೀರಿ. ವಾಲ್ವ್ ಟೆಸ್ಟ್ ನಾನು ಮಧ್ಯಾಹ್ನ ಮೂರರ ಮೇಲೆ ಮಾಡಿ, ಬೈಪಾಸ್ ತೆಗೆದೇ ಹೊರಡುತ್ತೇನೆ.

ಬೇರೆ ಆಟಗಳನ್ನೂ ಆಡಿದ್ದೇನೆ. ಎಂಕ್ಯೂ-6 ಅನ್ನುವ ಅಗ್ಗದ ಗ್ಯಾಸ್ ಸೆನ್ಸರ್ ಬೋರ್ಡೊಂದನ್ನು ಕೊಯ್ಲಿನ ಸಮಯದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಪಕ್ಕದ ಅಡುಗೆ ಕೋಣೆಯಲ್ಲಿ ಇಟ್ಟೆ. ಆ ಸಿಪ್ಪೆ ಹುಳಿಯುವ ವಾಸನೆ ಬಂದಾಗಲೆಲ್ಲ ಕೂಗಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ನಿದ್ದೆ ಕೆಡಿಸಿತು. ಆಲ್ಕೋಹಾಲ್ ಆವಿಗೂ ಅದು ಬಾಯಿ ಬಿಡುತ್ತದೆ. ಗೋಬರ್ ಗ್ಯಾಸ್ ಗುಂಡಿಯ ಹತ್ತಿರ ಇಟ್ಟ ಕ್ಯಾಟಲಿಟಿಕ್ ಹೆಡ್ ಮಂಕಾಯಿತು, ಚೊಕ್ಕ ಗಾಳಿಯಲ್ಲಿ ಬಿಟ್ಟರೆ ಚೇತರಿಸಿಕೊಂಡಿತು. ಆ ಗ್ಯಾಸಿನಲ್ಲಿರುವ ಗಂಧಕದ ಹೊಡೆತ ಹಾಗೆ ವಾಪಸ್ ಬರುವುದುಂಟು, ಸಿಲಿಕೋನ್‌ನದು ಬರುವುದಿಲ್ಲ. ಇನ್ಫ್ರಾರೆಡ್ ಬೆಳಕಿನಿಂದ ಗ್ಯಾಸ್ ಅಳೆಯುವ ಹೆಡ್ಡನ್ನೂ ನೋಡಿದೆ. ಸಿಲಿಕೋನಿಗೆ ಜಗ್ಗಲಿಲ್ಲ, ಆದರೆ ಬೆಲೆ ನಾಲ್ಕು ಪಟ್ಟು, ಜುಲೈನಲ್ಲಿ ಕನ್ನಡಿಗೆ ನೀರು ಕಟ್ಟಿತು. ಬ್ಯಾಟರಿ ಕೋಣೆಗೆ ಅದನ್ನು ಹಾಕಲೇಬೇಡಿ, ಅಲ್ಲಿ ಹೊರಬರುವ ಹೈಡ್ರೋಜನ್ ಅದರ ಕಣ್ಣಿಗೆ ಬೀಳುವುದಿಲ್ಲ.

ಇರುವೆ ಗೂಡು, ಎಣ್ಣೆ ಜಿಡ್ಡು ಎಲ್ಲಾ ಇದ್ದದ್ದೇ. ರೀಡಿಂಗ್ ನಿಧಾನಕ್ಕೆ ಏರಿದರೆ ಮೊದಲು ಜಾಲರಿ ನೋಡಿ, ಆಮೇಲೆ ಹೆಡ್ ಬೈಯಿರಿ. ಕ್ಯಾನ್ ಕೊಳ್ಳುವಾಗ ಇಬ್ಬರು ಮೂವರು ಸೇರಿಯೇ ಕೊಳ್ಳಿ. ಒಬ್ಬರೇ ಕೊಂಡರೆ ಗ್ಯಾಸ್ ಮುಗಿಯುವ ಮುಂಚೆ ಅದರ ಮೇಲಿನ ದಿನಾಂಕ ಮುಗಿದಿರುತ್ತದೆ.