‘ದಡ್ಡ’ ಎನ್ನುವ ಮೊದಲು: ಹಿಂದಿನ ಬೆಂಚಿನ ಮಗುವಿಗೆ ಪಾಠ ತಲುಪಿಸುವುದು ಹೇಗೆ?

ಜುಲೈನಲ್ಲಿ ಕೊಡಗಿನ ಪ್ರಾಥಮಿಕ ಶಾಲೆಯೊಂದರ ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಶೀಟಿನ ಮಾಡಿನ ಮೇಲೆ ಮಳೆಯ ಸದ್ದು, ಕರೆಂಟ್ ಇಲ್ಲ, ಟೀಚರ್ ಬೋರ್ಡಿನ ಕಡೆ ತಿರುಗಿ ಹೇಳಿದ್ದು ಮೂರನೇ ಬೆಂಚು ದಾಟುವುದಿಲ್ಲ. ಕಿವಿ ಚೆನ್ನಾಗಿರುವವರ ಪಾಡೇ ಇದಾದರೆ, ಅರ್ಧ ಕೇಳಿಸುವ ಮಗುವಿನ ಗತಿ?

ಮೊದಲು ಭಾಷೆ ವಿಚಾರಿಸಿ. ತೋಟದ ಕಾರ್ಮಿಕರ ಸಾಲುಮನೆಯಿಂದ, ಅಂದರೆ ಲೈನ್ ಮನೆಯಿಂದ ಬರುವ ಮಗು ಮನೆಯಲ್ಲಿ ಯರವ ಭಾಷೆಯನ್ನೋ ಜೇನುಕುರುಬರ ನುಡಿಯನ್ನೋ ಆಡುತ್ತಿರಬಹುದು. ಶಾಲೆಯಲ್ಲಿ ಎರಡು ತಿಂಗಳು ಬಾಯಿ ಬಿಡಲಿಲ್ಲವೆಂದರೆ ಅದು ನ್ಯೂನತೆಯೇ ಆಗಬೇಕಿಲ್ಲ. ಆ ಮಾತು ಬಲ್ಲ ದೊಡ್ಡ ಮಗುವನ್ನೋ ಬಿಸಿಯೂಟದ ಅಕ್ಕನನ್ನೋ ಪಕ್ಕ ಕೂರಿಸಿ ಮಾತಾಡಿಸಿ.

ಆಮೇಲೆ ಕಿವಿ, ಕಣ್ಣು. ಬೆನ್ನ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆಯಿರಿ. ಇದು ಸುಳಿವಷ್ಟೇ, ತಪಾಸಣೆಯಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದಾಗ ಆ ಮಗುವನ್ನು ತಪ್ಪದೆ ತೋರಿಸಿ.

ಎರಡು ವಾರ ನೋಟ್‌ಬುಕ್ಕಿನಲ್ಲಿ ಬರೆದಿಡಿ. ‘ಓದುವುದಿಲ್ಲ’ ಎಂದಲ್ಲ, ‘ಮರ’ವನ್ನು ‘ವರ’ ಎಂದು ಓದಿದ, ಬಾಯಿಲೆಕ್ಕ ಸರಿ, ಬರೆದ ಲೆಕ್ಕ ತಪ್ಪು, ಹೀಗೆ. ನನ್ನ ಕ್ಲಾಸಿನ ಹುಡುಗನೊಬ್ಬ ಒತ್ತಕ್ಷರಗಳನ್ನೆಲ್ಲ ನುಂಗುತ್ತಿದ್ದ. ‘ಅಕ್ಕ’ ಅವನ ಕೈಯಲ್ಲಿ ‘ಅಕ’. ಐವತ್ತು ಸಲ ಬರೆಸಿದೆ. ಐವತ್ತೂ ತಪ್ಪು, ಮರುದಿನ ಗೈರು. ಬುದ್ಧಿ ಬಂದದ್ದು ನನಗೆ. ಕೊನೆಗೆ ‘ಅಕ್’ ಎಂದು ಉಸಿರು ತಡೆದು ಒಂದು ಚಪ್ಪಾಳೆ, ಆಮೇಲೆ ‘ಕ’. ತಡೆದ ಕಡೆಯೆಲ್ಲ ಅಕ್ಷರದ ಕೆಳಗೆ ಕಾಫಿ ಬೀಜದಲ್ಲಿ ಒತ್ತು ಜೋಡಿಸಿದೆವು. ‘ಹಗ್ಗ’ವನ್ನು ತಾನಾಗಿಯೇ ಬರೆಯಲು ಅವನಿಗೆ ಮೂರು ವಾರ ಹಿಡಿಯಿತು.

ಕ್ಲಾಸಿನಲ್ಲಿ ಮಾಡಬೇಕಾದ್ದು ದೊಡ್ಡದೇನಲ್ಲ. ಮುಂದಿನ ಬೆಂಚು, ಮುಖ ಕಾಣುವಂತೆ ಮಾತು, ಮಳೆ ಜೋರಾದಾಗ ಸ್ಲೇಟು, ಬರೆಯಲಾಗದವರಿಗೆ ಬಾಯಿ ಪರೀಕ್ಷೆ. ಮೂರನೇ ತರಗತಿವರೆಗೆ ನಲಿ-ಕಲಿ (ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿ) ಕಾರ್ಡುಗಳಿಂದ ಮಗು ತನ್ನ ವೇಗದಲ್ಲೇ ಕಲಿಕೆಯ ಏಣಿ ಹತ್ತುತ್ತದೆ. ನಾಲ್ಕಕ್ಕೆ ಬಂದೊಡನೆ ಎಲ್ಲರಿಗೂ ಒಂದೇ ಪುಟ. ಹಿಂದೆ ಬೀಳುವುದು ಅಲ್ಲೇ. ಆ ವರ್ಷವೂ ಹಳೆಯ ಕಾರ್ಡು ಕೈಯಲ್ಲಿರಲಿ.

ಕಾಗದಪತ್ರದ ಕೆಲಸ ಜತೆಜತೆಗೇ ನಡೆಯಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸುವ 21 ಬಗೆಗಳಲ್ಲಿ ಕಲಿಕಾ ನ್ಯೂನತೆಯೂ ಇದೆ. ನ್ಯೂನತೆ ಶೇ 40 ಅಥವಾ ಹೆಚ್ಚೆಂದು ಪ್ರಮಾಣೀಕರಿಸಿದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಅರ್ಜಿಗೆ, ಶಾಲೆಗೆ ಬರಲಾಗದವರ ಗೃಹಾಧಾರಿತ ಶಿಕ್ಷಣಕ್ಕೆ ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರದ (ಬಿಆರ್‌ಸಿ) ವಿಶೇಷ ಶಿಕ್ಷಕರನ್ನು ಕೇಳಿ. ಮುಂದಿನ ಬೆಂಚಿಗೆ ಮಾತ್ರ ಯಾವ ಕಾರ್ಡೂ ಬೇಡ.

ಪೋಷಕರ ಸಭೆಯನ್ನು ಸಂತೆ ದಿನ ಇಡಿ. ತೋಟಕ್ಕೆ ರಜೆ ಇದ್ದರೆ ಅಪ್ಪ ಅಮ್ಮ ಇಬ್ಬರೂ ಸಿಗುತ್ತಾರೆ. ಕಾಫಿ ಕೊಯ್ಲು ಮುಗಿದು ಕುಟುಂಬ ಬೇರೆ ತೋಟಕ್ಕೆ ಹೊರಟರೆ, ಆ ನೋಟ್‌ಬುಕ್ಕಿನ ಹಾಳೆಗಳನ್ನು ವರ್ಗಾವಣೆ ಪತ್ರಕ್ಕೆ ಪಿನ್ ಹೊಡೆದು ಕಳಿಸಿ.