ಇಡೀ ಕುಂಬಳಕಾಯಿ ತನ್ನಿ, ಹೋಳು ಬೇಡ

ಪ್ಲಾಸ್ಟಿಕ್ ಸುತ್ತಿದ ಕಾಲು ಕೆಜಿ ಹೋಳು ತಂದು ಮಗುವಿನ ಮುಂದೆ ಹಿಡಿದು "ಹೇಳು ಪುಟ್ಟಾ, ಪಂಪ್ಕಿನ್" ಅನ್ನುವ ತಾಯಂದಿರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಆ ಹೋಳನ್ನು ಪಪ್ಪಾಯಿ ಅಂದರೂ ಮಗು ನಂಬುತ್ತದೆ. ತೊಟ್ಟಿರುವ ಇಡೀ ಸಿಹಿಗುಂಬಳ ತನ್ನಿ. ತೊಟ್ಟು ಮುರಿದದ್ದು ಬೇಗ ಕೊಳೆಯುತ್ತದೆ, ನಮ್ಮದು ವಾರವಾದರೂ ಹಜಾರದಲ್ಲಿ ಉರುಳಾಡಬೇಕು. ಮಗು ತಬ್ಬಲಿ, ನೂಕಲಿ, ಏಣುಗಳನ್ನು ಬೆರಳಿಟ್ಟು ಎಣಿಸಲಿ. ಎಲ್ಲಿಂದ ಶುರು ಮಾಡಿದ್ದು ಅಂತ ಮರೆತೇ ಮರೆಯುತ್ತದೆ, ಅದಕ್ಕೆ ಒಂದು ಏಣಿಗೆ ಕುಂಕುಮದ ಬೊಟ್ಟು ಇಡಿ. ಬಕೆಟ್ಟಿನ ನೀರಿಗೆ ಆಲೂಗಡ್ಡೆ ಹಾಕಿಸಿ, ಆಮೇಲೆ ಕುಂಬಳಕಾಯಿ. ಅಷ್ಟು ದಪ್ಪದ್ದು ತೇಲಿ, ಅಂಗೈಯಷ್ಟು ಗೆಡ್ಡೆ ಮುಳುಗಿದಾಗ ಯಾಕೆ ಅಂತ ಅದೇ ಕೇಳುತ್ತದೆ. ಕೊಯ್ದಾಗ ಒಳಗಿನ ಪೊಳ್ಳು ತೋರಿಸಿದರೆ ಆಯಿತು.

ಬಲಿತ ಬೂದುಗುಂಬಳವನ್ನೂ ಒಂದು ಸಲ ಹೊರಿಸಿ. ಕಪ್ಪು ಅಂಗಿ ಹಾಕಿ, ನೀವು ಕೈ ಆನಿಸಿಕೊಂಡು ನಾಲ್ಕು ಹೆಜ್ಜೆ ನಡೆಸಿ. ಇಳಿಸಿದ ಮೇಲೆ ಹೆಗಲಲ್ಲಿ ಬಿಳಿ ಬೂದಿ ಮೆತ್ತಿರುತ್ತದೆ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ" ಅನ್ನೋ ಗಾದೆಗೆ ಬೇರೆ ಅರ್ಥ ಹೇಳಬೇಕಿಲ್ಲ. ಮಾರನೇ ದಿನ ಕೊಡುಬಳೆ ಡಬ್ಬಿ ಖಾಲಿ ಮಾಡಿದ್ದು ಯಾರೋ ಅಂದರೆ ನನ್ನ ಮೊಮ್ಮಗ ತನ್ನ ಹೆಗಲು ನೋಡಿಕೊಂಡ!

ಕೊಯ್ಯುವುದು ದೊಡ್ಡವರ ಕೆಲಸ. ನಮ್ಮತ್ತೆ ಕಾಲದಲ್ಲಿ ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಏಟು ಹಾಕುವಂತಿರಲಿಲ್ಲ. ಮಾವನವರು ಪೇಪರ್ ಓದಿ ಮುಗಿಸಿ ಎದ್ದು ಬರುವ ತನಕ ಹುಳಿಯ ಬೇಳೆ ಕುದಿದು ಕುದಿದು ಗಂಜಿಯಾಗುತ್ತಿತ್ತು. ನಾನು ಆ ಕಾಯುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ಅಡ್ಡಕ್ಕೆ ಕೊಯ್ಯಿರಿ, ಬೀಜಗಳು ಕೂತಿರುವ ಚಂದ ಆಗಲೇ ಕಾಣುವುದು.

ಬೀಜದ ವಿಷಯದಲ್ಲಿ ಮಾತ್ರ ನನ್ನ ಮಾತು ಕೇಳಿ. ಚಮಚ ಕೊಡಬೇಡಿ, ಮಗು ಕೈ ಹಾಕಿಯೇ ತಿರುಳು ಕೀಳಲಿ. ಲೋಳೆಗೆ ಮೊದಲು ಮುಖ ಕಿವುಚುತ್ತದೆ, ಆಮೇಲೆ ಕೈ ತೆಗೆಯುವುದೇ ಇಲ್ಲ. ಬೋಗುಣಿ ನೀರಲ್ಲಿ ಎರಡು ಸಲ ಕಿವುಚಿ ನಾರು ಬಿಡಿಸಿ. ಇಲ್ಲಿಗೆ ನಿಲ್ಲಿಸಿ ಪೇಪರ್ ಮೇಲೆ ಹರಡುತ್ತೀರಿ, ಅದೇ ತಪ್ಪು. ಲೋಳೆ ಒಣಗಿ ಬೀಜ ಪೇಪರಿಗೆ ಅಂಟುತ್ತದೆ, ಎಳೆದರೆ ಅಚ್ಚಕ್ಷರ ಸಮೇತ ಬರುತ್ತದೆ. ಜರಡಿ ಹಿಡಿದ ಒಲೆ ಬೂದಿ ಒಂದು ಹಿಡಿ ಹಾಕಿ, ಎರಡು ಅಂಗೈ ನಡುವೆ ಮೆಲ್ಲಗೆ ಉಜ್ಜಿಸಿ. ಜಾರುತ್ತಿದ್ದ ಬೀಜ ಕೈಯಲ್ಲಿ ನಿಲ್ಲುವಷ್ಟು ಒರಟಾಗಬೇಕು, ಅದೇ ಗುರುತು. ಬೂದಿ ಇಲ್ಲದ ಮನೆಯಾದರೆ ಒರಟು ಪಂಚೆ ತುಂಡು. ಮೊರದಲ್ಲಿ ಒಂದಕ್ಕೊಂದು ತಾಗದಂತೆ ಹರಡಿ, ನೆರಳಲ್ಲಿಡಿ, ಸಂಜೆ ಸಂಜೆ ಮಗುವಿನ ಕೈಯಲ್ಲೇ ಮಗುಚಿಸಿ. ಮುರಿದರೆ ಚಟ್ ಅನ್ನಬೇಕು, ಬಗ್ಗಿದರೆ ಇನ್ನೂ ಒಣಗಿಲ್ಲ. ಬಿಸಿಲಿಗೆ ಹಾಕುವುದು ಹುರಿದು ತಿನ್ನುವ ಬೀಜವನ್ನು, ಬಿತ್ತುವುದನ್ನಲ್ಲ.

ಆಮೇಲೆ ಎಣಿಕೆ. ಹಜಾರದಲ್ಲಿ ಸೀಮೆಸುಣ್ಣದಿಂದ ಸಾಲಿಗೆ ಹತ್ತು ಚುಕ್ಕಿ ಇಟ್ಟು, ಚುಕ್ಕಿಗೊಂದು ಬೀಜ ಇಡಿಸಿ. ಎಣಿಸಲು ಬಾರದ ಮಗುವಿಗೂ ಖಾಲಿ ಚುಕ್ಕಿ ಕಾಣುತ್ತದೆ. ತೀರಾ ಚಿಕ್ಕ ಮಗುವಾದರೆ ಬೀಜ ಮೂಗಿಗೆ ತುರುಕಿಕೊಳ್ಳುತ್ತದೆ, ಫೋನ್ ಪಕ್ಕಕ್ಕಿಟ್ಟು ಎದುರಿಗೇ ಕೂತಿರಿ.

ಎರಡು ಬೀಜ ತೂತು ಮಾಡಿದ ತೆಂಗಿನ ಚಿಪ್ಪಿನಲ್ಲಿ ಹೂಳಿಸಿ. ವಾರದ ಹೊತ್ತಿಗೆ ಮೊಳಕೆ ಬೀಜದ ಸಿಪ್ಪೆಯನ್ನೇ ಟೋಪಿ ಮಾಡಿಕೊಂಡು ಏಳುತ್ತದೆ. ಟೋಪಿ ಕೀಳಲು ಬಿಡಬೇಡಿ, ಎಲೆ ಹರಿಯುತ್ತದೆ. ಜಾಗ ಇದ್ದರೆ ನೆಲಕ್ಕಿಳಿಸಿ. ಮೊದಲು ಬರುವುದೆಲ್ಲ ಗಂಡು ಹೂವು, ಹೂವಾಯಿತು ಕಾಯಿ ಕಚ್ಚಲಿಲ್ಲ ಅಂತ ಬಳ್ಳಿ ಕಿತ್ತೆಸೆಯಬೇಡಿ. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಷ್ಟು ಕಾಯಿ ಆಗಲೇ ಇರುತ್ತದೆ, ಹುಡುಕುವ ಕೆಲಸ ಮಗುವಿಗೆ ಬಿಡಿ. ಬಿಸಿಲೇರಿದರೆ ಹೂವು ಮುದುಡುತ್ತದೆ, ಹಲ್ಲುಜ್ಜುವ ಮುಂಚೆಯೇ ಕರೆದುಕೊಂಡು ಹೋಗಿ, ಗಂಡು ಹೂವು ಕಿತ್ತು ಅದರ ಪುಡಿಯನ್ನು ಹೆಣ್ಣು ಹೂವಿಗೆ ಸವರಿಸಿ. ಮಿಕ್ಕ ಗಂಡು ಹೂವು ನಾಲ್ಕಾರು ಸಿಕ್ಕರೆ ಒಳಗಿನ ಕಡ್ಡಿ ತೆಗೆದು, ಕಡಲೆಹಿಟ್ಟಿನಲ್ಲಿ ಅದ್ದಿ ಬಜ್ಜಿ ಕರಿಯಿರಿ.